ಶುಕ್ರವಾರ ಹೊರಟು ಶುಕ್ರವಾರವೇ ಇಳಿದ ಮೊಗ್ಗುಗಳು

ಖರ್ಚಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಹೋಗಿ ಬರುವ ಟಿಕೆಟ್ಟು ಹೆಣ್ಣಿನ ಮನೆಯವರದು, ಊಟ ವಸತಿಯೂ ಅವರದೇ. ನನ್ನ ಕೈಯಿಂದ ಹೋದದ್ದು ವೈಶಾಖದ ಎರಡು ದೊಡ್ಡ ಮಂಟಪದ ಅಲಂಕಾರ, ಸೊಂಟದ ಒಂದು ವಾರದ ನೆಮ್ಮದಿ, ಮತ್ತು ಜರ್ಮನಿಯವರು ಕಿತ್ತುಕೊಂಡ ಆರು ಐಸ್ ಚೀಲ. ಇಷ್ಟನ್ನು ಕಳೆದುಕೊಂಡು ಯಾಕೆ ಹೋದೆ ಎಂದರೆ, ತಾಂಬರಂ ಹೂವಿನ ಮಾರ್ಕೆಟ್ಟಿನಲ್ಲಿ ಯಾರನ್ನು ಕೇಳಿದರೂ "ಅದು ಆಗೋ ಕೆಲಸ ಅಲ್ಲ" ಅಂದರು. ಆಗುವ ಕೆಲಸಕ್ಕೆ ಊರಿನವರೆಲ್ಲ ಸಿಗುತ್ತಾರೆ, ಅದಕ್ಕೆ ಬೆಲೆಯಿಲ್ಲ. ಆಗದು ಅನ್ನುವ ಕೆಲಸವನ್ನು ಮಾಡಿ ತೋರಿಸಿದರೆ ಮುಂದಿನ ಹತ್ತು ವರ್ಷ ನೀವು ಹೇಳಿದ್ದೇ ರೇಟು. ನಾನು ವ್ಯಾಪಾರದವಳು, ಸುಮ್ಮನೆ ವಿಮಾನ ಹತ್ತುವವಳಲ್ಲ.

ಕ್ರೋಂಪೇಟೆ

ನನ್ನ ಹೆಸರು ಜಯಮ್ಮ. ಹುಟ್ಟಿದ್ದು ನಂಜನಗೂಡಿನ ಹತ್ತಿರ. ರೈಲ್ವೆಯಲ್ಲಿದ್ದ ಗಂಡನ ಹಿಂದೆ ಮದರಾಸಿಗೆ ಬಂದೆ. ತಾಂಬರಂ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಂದು ಬುಟ್ಟಿ ಇಟ್ಟುಕೊಂಡು, ಎಲೆಕ್ಟ್ರಿಕ್ ಟ್ರೈನಿಗೆ ಓಡುವ ಹೆಂಗಸರಿಗೆ ಮೊಳದ ಲೆಕ್ಕದಲ್ಲಿ ಹೂ ಮಾರಿದೆ. ಈಗ ಕ್ರೋಂಪೇಟೆಯಲ್ಲಿ ಸ್ವಂತ ಜಾಗವಿದೆ, ಹೂ ಕಟ್ಟುವ ಹೆಂಗಸರಿದ್ದಾರೆ, ಮದುವೆಯ ಕಾಂಟ್ರಾಕ್ಟ್ ಇದೆ. ಮೊಗ್ಗಿನ ಜಡೆ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ಮದುವೆ ಮುಗಿದ ಮೇಲೆ ಕಸಕ್ಕೆ ಹಾಕಿದ್ದ ಬಾಡಿದ ಜಡೆಯನ್ನು ಮನೆಗೆ ತಂದು, ಒಂದೊಂದೇ ದಾರ ಬಿಚ್ಚಿ, ತಿರುಗಿ ಕಟ್ಟಿ ಕಲಿತೆ. ಇವತ್ತು ಚೆನ್ನೈಯಲ್ಲಿ ಮೈಸೂರು ಕಡೆಯ ಜಡೆ ಬೇಕೆಂದರೆ ನನ್ನ ಮನೆಗೇ ಬರಬೇಕು.

ಹಾಗೆ ಬಂದವರು ಪದ್ಮಾ ಮೇಡಂ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಮೈಸೂರಿನವರು, ನಮ್ಮ ಬೀದಿಯ ತುದಿಯಲ್ಲೇ ಮನೆ. ಅವರ ಮಗಳು ನಂದಿನಿ ಕೆನಡಾದ ಟೊರಾಂಟೊದಲ್ಲಿ ನರ್ಸು. ಮದುವೆ ಅಲ್ಲೇ, ಹುಡುಗನೂ ಅಲ್ಲಿಯವನೇ.

"ಜಯಮ್ಮ, ಹುಡುಗನ ವಿಷಯದಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಊಟದ ವಿಷಯದಲ್ಲೂ ಆಡಲಿಲ್ಲ. ಆದ್ರೆ ಜಡೆ ಮಾತ್ರ ನನಗೆ ಬೇಕೇ ಬೇಕು," ಅಂದರು. "ಅಲ್ಲಿ ಪ್ಲಾಸ್ಟಿಕ್‌ದು ಸಿಗತ್ತಂತೆ. ಅದನ್ನ ಹಾಕ್ಕೊಂಡು ಕೂತ್ರೆ ನಾನು ಮಂಟಪಕ್ಕೇ ಬರಲ್ಲ ಅಂದಿದೀನಿ."

"ಏನಂದ್ಲು?"

"'ಬರದೇ ಹೋದ್ರೆ ವಿಡಿಯೋ ಕಾಲ್ ಮಾಡ್ತೀನಮ್ಮಾ' ಅಂದ್ಲು."

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೊಗ್ಗಿನ ಜಡೆಗೆ ಮೊಗ್ಗೇ ಬೇಕು. ಅರಳಿದ ಹೂವನ್ನು ಸಾಲಾಗಿ ಹೊಲಿಯಲು ಬರುವುದಿಲ್ಲ, ದಳ ಕುಸಿದು ಕಲಸಿಹೋಗುತ್ತದೆ. ಇಲ್ಲೇ ಕಟ್ಟಿ ಡಬ್ಬಿಯಲ್ಲಿ ಕಳಿಸಿದರೆ ಸೂಜಿ ತಾಗಿದ ಕಡೆಯೆಲ್ಲ ದಾರಿಯಲ್ಲೇ ಕಂದುತ್ತದೆ. ಹಾಗಾಗಿ ಮೊಗ್ಗೂ ಹೋಗಬೇಕು, ಕಟ್ಟುವ ಕೈಯೂ ಹೋಗಬೇಕು. ಕಟ್ಟಿ ಮುಗಿಸುವ ತನಕ ಒಂದು ಮೊಗ್ಗೂ ಬಾಯಿ ಬಿಡಬಾರದು. ಬಿಟ್ಟರೆ ಪದ್ಮಾ ಮೇಡಂಗೆ ಪ್ಲಾಸ್ಟಿಕ್ ಜಡೆ, ನನಗೆ ಮಾರ್ಕೆಟ್ಟಿನಲ್ಲಿ ನಗೆಪಾಟಲು.

ನನ್ನ ಮಗಳು ರೇಖಾ ಕಂಪ್ಯೂಟರಿನಲ್ಲಿ ನೋಡಿದಳು. ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ತಮಿಳು. "ಚೆನ್ನೈ ಟು ಟೊರಾಂಟೊ, ಪದಿಮೂಣು ಆಯಿರತ್ತುಕ್ಕು ಮೇಲೆ ಕಿಲೋಮೀಟರ್ ಮಾ. ಪದಿನಾರು ಮಣಿ ನೇರಂ," ಅಂದಳು. ಹದಿಮೂರು ಸಾವಿರಕ್ಕೂ ಮೇಲೆ ದೂರ, ಹದಿನಾರು ಗಂಟೆ.

ನಾನು ಅಷ್ಟಕ್ಕೇ ನಂಬುವವಳಲ್ಲ. ಅದು ಎರಡು ಗೂಟಕ್ಕೆ ದಾರ ಎಳೆದು ಕಟ್ಟಿದ ದೂರ, ಯಾವ ವಿಮಾನ ಹಾಗೆ ಹೋಗುತ್ತದೆ, ನಡುವೆ ಎಲ್ಲಿ ಇಳಿಸುತ್ತಾರೆ ಎಂದು ಕೇಳಿದೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಬದಲಿಸಬೇಕು ಎಂದು ಗೊತ್ತಾಯಿತು. ಟಿಕೆಟ್ಟು ನೋಡಿದರೆ, ಶುಕ್ರವಾರ ಬೆಳಗಿನ ಜಾವ ಹೊರಟು ಶುಕ್ರವಾರ ಮಧ್ಯಾಹ್ನವೇ ಟೊರಾಂಟೊ. ಶನಿವಾರ ಬೆಳಗ್ಗೆ ಮುಹೂರ್ತ. ಒಂದೇ ದಿನದ ಪ್ರಯಾಣ. ಪದ್ಮಾ ಮೇಡಂಗೂ ಖುಷಿ, ನನಗೂ ಖುಷಿ.

ನಮ್ಮ ಕಸುಬಿನಲ್ಲಿ ಮೊಗ್ಗನ್ನು ಅದು ಅರಳುವ ದಿನದ ಹೆಸರಿನಿಂದ ಕರೆಯುತ್ತೇವೆ. ಇವತ್ತಿನ ಮೊಗ್ಗು, ನಾಳೆಯ ಮೊಗ್ಗು, ನಾಡಿದ್ದಿನ ಮೊಗ್ಗು. ಗುರುವಾರ ಬೆಳಗ್ಗೆ ಕೀಳುವಾಗ ನಾಳೆಯ ಮೊಗ್ಗನ್ನೇ ಕಿತ್ತು, ಐಸಿನಲ್ಲಿಟ್ಟು ಒಂದು ರಾತ್ರಿ ಹಿಡಿದರೆ ಶನಿವಾರ ಬೆಳಗ್ಗೆಗೆ ಕೈಗೆ ಸಿಗುತ್ತದೆ. ನಾಡಿದ್ದಿನದು ಇನ್ನೂ ಹಸಿರು, ಜಡೆಗೆ ಹೊಳಪು ಬರುವುದಿಲ್ಲ. ತಿರುವಳ್ಳೂರಿನ ತೋಟದವನಿಗೆ ಫೋನು ಮಾಡಿ ನಾಳೆಯ ಮೊಗ್ಗು ಎಂದೇ ಹೇಳಿದೆ. ಆತ "ಎಷ್ಟು ದೂರಕ್ಕಕ್ಕಾ?" ಎಂದು ಕೇಳಿದ. "ಒಂದೇ ದಿನದ ದಾರಿ ಬಿಡಪ್ಪಾ" ಎಂದೆ. ಟಿಕೆಟ್ಟನ್ನು ನಾನು ಅಷ್ಟು ಚೆನ್ನಾಗಿ ಓದಿದ್ದೆ!

ಮೀನಂಬಾಕ್ಕಂ

ನಮ್ಮ ಏರ್‌ಪೋರ್ಟು ನನಗೆ ಹೊಸದಲ್ಲ. ಹಾರ ತಗೊಂಡು ಹೊರಗಿನ ಗೇಟಿನವರೆಗೆ ನೂರು ಸಲ ಹೋಗಿದ್ದೇನೆ. ಒಳಗೆ ಹೋದದ್ದು ಇದೇ ಮೊದಲು. ಮೊಗ್ಗಿನ ಡಬ್ಬಿ ಕೈಯಲ್ಲೇ ಇರಬೇಕು ಎಂದು ಹಟ ಹಿಡಿದಿದ್ದೆ. ಬಾಳೆನಾರು, ಒದ್ದೆ ಬಟ್ಟೆ, ನಡುವೆ ಮೊಗ್ಗು, ಒಂದು ಹಿಡಿ ಕನಕಾಂಬರ, ಸುತ್ತ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಆರು ಐಸ್ ಚೀಲ. ತಪಾಸಣೆಯ ಹೆಣ್ಣುಮಗಳು ಮುಚ್ಚಳ ತೆಗೆದವಳು ಮೂಗು ಒಳಗೇ ಇಟ್ಟಳು.

"ಯಾರಿಗಕ್ಕಾ ಕಲ್ಯಾಣಂ?"

"ಕೆನಡಾದಲ್ಲಿ."

"ಅಯ್ಯೋ, ಅಷ್ಟು ದೂರ ವಾಸನೆ ಹೋಗುಮಾ?"

"ನಾನೇ ಹೋಗ್ತಾ ಇದೀನಲ್ಲಾ," ಎಂದೆ. ನಕ್ಕು ಬಿಟ್ಟಳು.

ಫ್ರಾಂಕ್‌ಫರ್ಟ್

ಇಲ್ಲಿ ಮತ್ತೊಮ್ಮೆ ತಪಾಸಣೆ. ಬಿಳಿ ಕೈಗವಸು ತೊಟ್ಟ ಎತ್ತರದ ಗಂಡಸು ನನ್ನ ಐಸ್ ಚೀಲಗಳನ್ನು ಒಂದೊಂದಾಗಿ ಹಿಸುಕಿದ. ನಮ್ಮ ಮಾರ್ಕೆಟ್ಟಿನಲ್ಲಿ ಮಾವಿನಹಣ್ಣು ಹಿಸುಕುವವರ ಹಾಗೆ. ಗಟ್ಟಿ ಇದ್ದರೆ ಐಸು, ಮೆತ್ತಗಾದರೆ ನೀರು. ನೀರು ಒಳಗೆ ಬಿಡುವುದಿಲ್ಲ. ಆರೂ ಮೆತ್ತಗಾಗಿದ್ದವು. "ಹಾಫ್ ಟೇಕ್, ಹಾಫ್ ಗಿವ್," ಎಂದೆ. "ನೋ," ಅಂದ. "ಟೂ ಓನ್ಲಿ," ಎಂದೆ. "ನೋ." ಮುಖದಲ್ಲಿ ಕೋಪವಿಲ್ಲ, ಬೇಸರವಿಲ್ಲ. ನಮ್ಮಲ್ಲಿ ಇಲ್ಲ ಎಂದರೆ ಮಾತು ಶುರುವಾಯಿತು ಎಂದರ್ಥ. ಅಲ್ಲಿ ಇಲ್ಲ ಎಂದರೆ ಇಲ್ಲ. ಆರೂ ಚೀಲ ತೊಟ್ಟಿಗೆ ಬಿತ್ತು, ಡಬ್ಬಿಯನ್ನು ಮಾತ್ರ ಎರಡೂ ಕೈಯಲ್ಲಿ ಮರ್ಯಾದೆಯಿಂದ ವಾಪಸ್ ಕೊಟ್ಟ.

ಹೆದರಿಕೆ ಆಗಲಿಲ್ಲ. ಇನ್ನೇನು ಸ್ವಲ್ಪ ಹೊತ್ತು ಎಂದುಕೊಂಡೆ. ತಲುಪಿದ ವಿಷಯ ಹೇಳೋಣವೆಂದು ರೇಖಾಗೆ ಫೋನು ಹಚ್ಚಿದೆ.

"ಏನ್ಮಾಡ್ತಿದೀಯೇ?"

"ಹೆಂಗಸರಿಗೆ ಸಾಯಂಗಾಲ ಟೀ ಊತ್ತಿಕಿಟ್ಟು ಇರುಕ್ಕೇನ್ ಮಾ."

ಸಂಜೆಯ ಟೀ! ನನ್ನ ಎದುರಿನ ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನ. ಸುತ್ತಮುತ್ತ ಜನ ಆಗಷ್ಟೇ ಊಟಕ್ಕೆ ಕೂರುತ್ತಿದ್ದರು. ಪಕ್ಕದಲ್ಲೇ ಹಣ್ಣಿನ ರಸದ ಅಂಗಡಿಯಿತ್ತು. ಕೌಂಟರಿನಲ್ಲಿದ್ದ ಹೆಂಗಸಿನ ಮುಖ ನೋಡಿ ತಮಿಳಿನಲ್ಲಿ ಮಾತಾಡಿಸಿದೆ. ನನ್ನ ಊಹೆ ಸರಿಯಾಗಿತ್ತು, ಶ್ರೀಲಂಕಾದ ಯಾಳ್ಪಾಣದವಳು. ಅಕ್ಕ ಟೊರಾಂಟೊದಲ್ಲೇ ಇದ್ದಾಳಂತೆ.

"ನಿಮ್ಮಕ್ಕ ಈಗ ಏನು ಮಾಡ್ತಿರ್ತಾಳೆ?"

"ತೂಂಗುವಾ. ಅಂಗೆ ಇಪ್ಪತ್ತಾನ್ ವಿಡಿಯುದು," ಅಂದಳು. ಮಲಗಿರುತ್ತಾಳೆ, ಅಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ.

ನಮ್ಮೂರಲ್ಲಿ ಸಂಜೆಯ ಟೀ, ಇಲ್ಲಿ ಮಧ್ಯಾಹ್ನದ ಊಟ, ಅಲ್ಲಿ ಇನ್ನೂ ಹಾಸಿಗೆ. ಮೂರೂ ಅದೇ ಶುಕ್ರವಾರ! ಆಗ ನನಗೆ ಹೊಳೆಯಿತು. ಟಿಕೆಟ್ಟು ಸುಳ್ಳು ಹೇಳಿರಲಿಲ್ಲ. ಆದರೆ ಅವರ ಶುಕ್ರವಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಉದ್ದ. ಗಿರಾಕಿಯ ಎದುರು ಮೊಳ ಹಾಕುವಾಗ ಹೂವನ್ನು ಮೆಲ್ಲಗೆ ಎಳೆಯುವುದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ನನಗೇ ಒಂದು ದಿನವನ್ನು ಎಳೆದು ಅಳೆದು ಕೊಟ್ಟಿದ್ದರು, ನಾನು ತೆಪ್ಪಗೆ ಕಟ್ಟಿಸಿಕೊಂಡು ಬಂದಿದ್ದೆ. ಅಲ್ಲಿನ ಶನಿವಾರ ಬೆಳಗ್ಗೆ ಎಂದರೆ ನಮ್ಮ ಶನಿವಾರ ಸಂಜೆ. ಸಂಜೆಯೆಂದರೆ ಮಲ್ಲಿಗೆ ಅರಳುವ ಹೊತ್ತು. ನನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದು. ಮೊಗ್ಗಿಗೆ ತಿರುಪು ಎಲ್ಲಿದೆ?

ಡಬ್ಬಿ ತೆರೆದು ನೋಡಿದೆ. ಬಿಗಿಯಾಗಿದ್ದವು, ಆದರೆ ಗುರುವಾರಕ್ಕಿಂತ ಹೊಟ್ಟೆ ಉಬ್ಬಿತ್ತು. ಐಸು ಬೇಕೇ ಬೇಕು.

"ತಂಗಚ್ಚೀ, ಐಸು ಕೊಡ್ತೀಯಾ?"

"ಐಸು ಮಾರೋದಿಲ್ಲ ಅಕ್ಕಾ. ಜ್ಯೂಸಿಗೆ ಮಾತ್ರ ಹಾಕಿ ಕೊಡೋದು."

"ಹಾಗಾದ್ರೆ ಜ್ಯೂಸೇ ಕೊಡು. ಐಸು ಜಾಸ್ತಿ, ಜ್ಯೂಸು ಬೇಡ."

ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ನೀಂಗ ಮದ್ರಾಸು ತಾನೇ?" ಅಂದಳು. ಅಲ್ಲ ತಾಯಿ, ನಂಜನಗೂಡು, ಮದರಾಸಿನಲ್ಲಿ ಸಾಣೆ ಹಿಡಿಸಿಕೊಂಡಿದ್ದೇನೆ ಎಂದೆ. ದೊಡ್ಡ ಲೋಟದ ತುಂಬ ಐಸು ಹಾಕಿ, ಮೇಲೆ ಒಂದು ಚಮಚ ಕಿತ್ತಳೆ ರಸ ಬಿಟ್ಟು ಬಿಲ್ಲು ಮಾಡಿದಳು. ಕಾನೂನಿಗೂ ಮರ್ಯಾದೆ, ನನಗೂ ಐಸು. ಎರಡನೇ ಲೋಟಕ್ಕೆ ಆ ಒಂದು ಚಮಚವನ್ನೂ ಬಿಡಿಸಿದೆ. ಬದಲಿಗೆ ನಾನು ಮುಡಿದಿದ್ದ ಚೆಂಡಿನಿಂದ ಒಂದು ಗೇಣು ಕಿತ್ತು ಕೊಟ್ಟೆ. ಬಾಡಿತ್ತು. ಆದರೂ ಅವಳು ಕೆಲಸದ ಟೋಪಿ ತೆಗೆದು, ಹೂವನ್ನು ಒಳಗೆ ಸಿಕ್ಕಿಸಿ, ಟೋಪಿ ಮೇಲೆ ಹಾಕಿಕೊಂಡಳು. ಯಾರಿಗೂ ಕಾಣಿಸುವುದಿಲ್ಲ. ಅವಳಿಗೆ ಗೊತ್ತು, ಅಷ್ಟೇ.

ಆಕಾಶ

ನನ್ನದು ದಾರಿಯ ಪಕ್ಕದ ಸೀಟು. ಕಿಟಕಿಯ ಪಕ್ಕದ ಗೋಡೆಯನ್ನು ಮುಟ್ಟಿ ನೋಡಿದೆ, ಕೋಲ್ಡ್ ಸ್ಟೋರೇಜಿನ ಬಾಗಿಲಿನ ಹಾಗಿತ್ತು. ಕಿಟಕಿಯಲ್ಲಿ ಕೂತಿದ್ದ ಉದ್ದ ಕಾಲಿನ ಬಿಳಿಯನಿಗೆ, "ಯುವರ್ ಲೆಗ್ ಪಾವಂ. ಟೇಕ್ ಮೈ ಸೀಟ್," ಎಂದೆ. ಪಾವಂ ಎಂದರೆ ಪಾಪ ಎಂದು ಅವನಿಗೇನು ಗೊತ್ತು? ಆದರೂ ನನಗೆ ಮೂರು ಸಲ ಥ್ಯಾಂಕ್ಸ್ ಹೇಳಿದ. ಚೌಕಾಸಿಯಲ್ಲಿ ಇದೇ ಮುಖ್ಯ. ನಿಮಗೆ ಬೇಕಾದದ್ದನ್ನು ಎದುರಿನವರಿಗೆ ಉಪಕಾರ ಮಾಡಿದ ಹಾಗೆ ತೆಗೆದುಕೊಳ್ಳಬೇಕು.

ಡಬ್ಬಿಯನ್ನು ಗೋಡೆಗೆ ಒತ್ತಿ ಇಟ್ಟು, ಒಂದು ಕಾಲನ್ನು ಅದಕ್ಕೆ ತಗುಲಿಸಿಕೊಂಡು ಕೂತೆ. ಎದುರಿನ ಪರದೆಯಲ್ಲಿ ಪುಟ್ಟ ವಿಮಾನ ತೆವಳುತ್ತಿತ್ತು, ಇನ್ನೆಷ್ಟು ಕಿಲೋಮೀಟರ್ ಎಂದು ಅಂಕಿ ಇಳಿಯುತ್ತಿತ್ತು. ಕಿಲೋಮೀಟರು ನನಗೆ ಬೇಡವಾಗಿತ್ತು. ಅದು ಎಷ್ಟಾದರೂ ಇರಲಿ, ಕ್ರೋಂಪೇಟೆಯಲ್ಲಿ ಈಗ ಕತ್ತಲಾಗಿದೆಯೇ, ಅದೊಂದೇ ಯೋಚನೆ. ಗಗನಸಖಿಯನ್ನು ಆಗಾಗ ಕರೆದು ಐಸು ಕೇಳಿದೆ. ಮೊದಲ ಸಲ ಒಂದು ಲೋಟ ತಂದಳು. ಎರಡನೇ ಸಲ ಡಬ್ಬಿ ತೆರೆದು ತೋರಿಸಿದೆ. ಮೂರನೇ ಸಲ ಕೇಳುವ ಮೊದಲೇ ಚೀಲದಲ್ಲಿ ಕಟ್ಟಿ ತಂದಳು, ಜೊತೆಗೆ ನೋಡಲು ಇನ್ನೊಬ್ಬಳನ್ನೂ ಕರೆತಂದಳು.

ಒಮ್ಮೆ ಕಿಟಕಿಯ ತೆರೆ ಸರಿಸಿ ನೋಡಿದೆ. ಕೆಳಗೆ ಕಣ್ಣು ಹರಿಯುವಷ್ಟು ದೂರ ಬರೀ ಐಸು. ಗ್ರೀನ್‌ಲ್ಯಾಂಡ್ ಎಂದು ಪರದೆ ಹೇಳಿತು. ಒಂದು ದೇಶದ ತುಂಬ ಐಸು ಹೇಳುವವರು ಕೇಳುವವರಿಲ್ಲದೆ ಬಿದ್ದಿದೆ, ಅದರ ಮೇಲೆಯೇ ಹಾರುತ್ತ ನಾನು ಒಂದು ಹಿಡಿಗಾಗಿ ಹಲ್ಲು ಕಿರಿಯುತ್ತಿದ್ದೇನೆ!

ಟೊರಾಂಟೊ

ಸುಂಕದವರ ಹತ್ತಿರ ಹೂವಿಗೆ ತೊಂದರೆಯಾಗಲಿಲ್ಲ. ಮೊದಲೇ ಕೇಳಿ ತಿಳಿದುಕೊಂಡಿದ್ದೆ, ಬೇರು ಮಣ್ಣು ಇಲ್ಲದ, ಮಾರಾಟಕ್ಕಲ್ಲದ ಹೂವು ಎಂದು ಬಾಯಿಬಿಟ್ಟು ಹೇಳಿದೆ. ಅಧಿಕಾರಿ ಒಂದೊಂದೇ ಪದರ ಎತ್ತಿ, ಹುಳ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ ಬಿಟ್ಟಳು. ತೊಂದರೆಯಾದದ್ದು ಚೌರಿಯಿಂದ. ಕೂದಲು ಕಡಿಮೆಯಿದ್ದರೆ ಬೇಕಾಗಬಹುದು ಎಂದು ಒಂದು ಉದ್ದ ಚೌರಿಯನ್ನು ಸುತ್ತಿ ಬ್ಯಾಗಿನ ತಳದಲ್ಲಿಟ್ಟಿದ್ದೆ. ಕಪ್ಪಗೆ ಸುರುಳಿ ಸುತ್ತಿದ್ದನ್ನು ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಈಸ್ ಇಟ್ ಆನ್ ಆನಿಮಲ್?"

"ನೋ ನೋ, ಲೇಡೀಸ್," ಎಂದೆ. ಅದು ಇನ್ನೂ ತಪ್ಪಾಗಿ ಕೇಳಿಸಿತು. ಕೊನೆಗೆ ನನ್ನ ಜಡೆಗೇ ಗಂಟು ಹಾಕಿ, ಒಂದು ಸುತ್ತು ತಿರುಗಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು.

ಚೌರಿ ತಂದದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ಬಾಗಿಲು ತೆರೆದ ನಂದಿನಿಯ ಕೂದಲು ಭುಜಕ್ಕೂ ತಾಗುತ್ತಿರಲಿಲ್ಲ.

"ಆಂಟೀ, ಸಾರಿ. ಆಸ್ಪತ್ರೆಯಲ್ಲಿ ಉದ್ದ ಕೂದಲು ಕಷ್ಟ," ಅಂದಳು.

ಪದ್ಮಾ ಮೇಡಂ ಹದಿನೈದು ದಿನ ಮೊದಲೇ ಬಂದಿದ್ದರು, ಅಷ್ಟು ದಿನವೂ ಆ ಕೂದಲನ್ನು ನೋಡಿ ನಿಟ್ಟುಸಿರು ಬಿಟ್ಟಿರಬೇಕು. "ಮೊಂಡು ಕೂದಲಿಗೆ ಮೊಗ್ಗಿನ ಜಡೆ! ಕೇಳಿದೀರಾ ಜಯಮ್ಮ ಎಲ್ಲಾದ್ರೂ?"

"ಇದಕ್ಕಿಂತ ಮೊಂಡು ನೋಡಿದೀನಿ ಬಿಡಿ. ತಿರುಪತಿಗೆ ಹೋಗಿ ಬಂದ ವಾರಕ್ಕೆ ಮದುವೆಯಾದೋಳಿಗೂ ಕಟ್ಟಿದೀನಿ."

ನಂದಿನಿ ಬಂದು ನನ್ನನ್ನು ತಬ್ಬಿಕೊಂಡಳು. ಮೊಗ್ಗು ಫ್ರಿಜ್ಜಿಗೆ ಹೋಯಿತು, ನಾನು ಹಾಸಿಗೆಗೆ.

ಗ್ಯಾರೇಜು

ಬೆಳಕು ಹರಿಯುವಾಗ ಎದ್ದು ಡಬ್ಬಿ ತೆಗೆದೆ. ಅಡಿಗೆಮನೆಯ ಮೇಜಿನ ಮೇಲೆ ಮೊದಲ ಸಾಲು ಹೊಲಿಯುವಷ್ಟರಲ್ಲೇ ಒಂದು ಮೊಗ್ಗಿನ ತುದಿ ಸಡಿಲವಾಯಿತು, ಅದರ ಪಕ್ಕದ್ದೂ ಆಯಿತು. ಆ ಮನೆಯಲ್ಲಿ ಮೇ ತಿಂಗಳಲ್ಲೂ ಹೀಟರು. ನಮ್ಮೂರಲ್ಲಿ ಆಗ ಶನಿವಾರದ ಇಳಿಹೊತ್ತು, ಹೊರಗೆ ಹೋಗಿ ಅರಳುವ ಆತುರ ಮೊಗ್ಗಿಗೆ. ಹೀಗೇ ಕೂತರೆ ಅರ್ಧ ಜಡೆಗೇ ಎಲ್ಲ ಹೂವಾಗುತ್ತದೆ.

"ಜಯಮ್ಮ, ಅರಳ್ತಾ ಇದೆ," ಎಂದರು ಪದ್ಮಾ ಮೇಡಂ. "ಆ ಪ್ಲಾಸ್ಟಿಕ್‌ದು ನಂದಿನಿ ತರಿಸಿಟ್ಟಿದಾಳೆ. ಬೀರುವಿನಲ್ಲಿದೆ. ನಾನು ನೋಡಿದೆ."

"ಇರಲಿ ಬಿಡಿ ಅಲ್ಲೇ."

ಹಿಂದಿನ ಬಾಗಿಲು ತೆರೆದೆ. ಮುಖಕ್ಕೆ ಹೊಡೆದ ಚಳಿ! ನಮ್ಮೂರಿನಲ್ಲಿ ದುಡ್ಡು ಕೊಟ್ಟು ಲಾರಿಯಲ್ಲಿ ತರಿಸುವ ಚಳಿ, ಇಲ್ಲಿ ಬಾಗಿಲಾಚೆ ಪುಕ್ಕಟೆ ನಿಂತಿತ್ತು. ಕಾರು ನಿಲ್ಲಿಸುವ ಗ್ಯಾರೇಜಿಗೆ ಮೇಜು, ಡಬ್ಬಿ, ದಾರ, ಎಲ್ಲ ಸಾಗಿಸಿದೆವು. ಶಟರು ಪೂರ್ತಿ ಎತ್ತಿಸಿದೆ. ನಾನು ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಪದ್ಮಾ ಮೇಡಂ ಗಂಡನ ಕೋಟು ಹಾಕಿ ಕೂತೆ. ಬೆರಳು ಮರಗಟ್ಟಿತು, ಮೊಗ್ಗು ತೆಪ್ಪಗಾಯಿತು.

ಅಷ್ಟರಲ್ಲಿ ಹುಡುಗನ ತಾಯಿ ಡೋರೀನ್ ಬಂದರು. ಹುಟ್ಟಿದ್ದು ಜಮೈಕಾದಲ್ಲಿ, ದೊಡ್ಡ ಆಳು, ದೊಡ್ಡ ದನಿ. ನಮ್ಮನ್ನು ನೋಡಿ "ವೈ ಆರ್ ಯು ಲೇಡೀಸ್ ಫ್ರೀಜಿಂಗ್ ಔಟ್ ಹಿಯರ್?" ಎಂದು ಕೂಗಿದರು. ಪದ್ಮಾ ಮೇಡಂ ವಿಷಯ ವಿವರಿಸಿದರು. ಆಕೆ ಮತ್ತೆ ಪ್ರಶ್ನೆ ಕೇಳಲಿಲ್ಲ. ಒಳಗೆ ಹೋಗಿ ಕಂಬಳಿ ತಂದು ಇಬ್ಬರ ಕಾಲಿಗೂ ಹೊದಿಸಿ, ಕನ್ನಡಕ ಹಾಕಿಕೊಂಡು, ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದವರಂತೆ, ಒಂದೇ ಏಟಿಗೆ ದಾರ ಸೂಜಿಯ ಕಣ್ಣಿನೊಳಗೆ.

"ಜಯಮ್ಮ, ಮುಗಿಯೋದ್ರೊಳಗೆ ಅರಳಿಬಿಟ್ರೆ?" ಎಂದರು ಪದ್ಮಾ ಮೇಡಂ.

"ಅರಳೋದು ಅದರ ಕೆಲಸ ಕಣಮ್ಮಾ, ಕಟ್ಟೋದು ನಮ್ಮ ಕೆಲಸ. ಮಾತು ಸಾಕು, ಮುಂದಿನ ಸೂಜಿ ಕೊಡಿ."

ಕೊನೆಯ ಕುಚ್ಚು ಕಟ್ಟುವಾಗ ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ. ಮೊದಲ ಸಾಲಿನ ಆ ಎರಡನ್ನು ಕಿತ್ತು ಬೇರೆ ಹಾಕಿದ್ದೆ. ಚೌರಿಯ ಮೇಲೆ ಬಿಳಿಯ ಸಾಲು, ನಡುವೆ ಕನಕಾಂಬರದ ಗೆರೆ, ಸೊಂಟದವರೆಗೆ. ಕಾರಿನ ಕಿಟಕಿಯನ್ನೆಲ್ಲ ಇಳಿಸಿ, ಮದುಮಗಳನ್ನು ನಡುಗಿಸುತ್ತಲೇ ಛತ್ರಕ್ಕೆ ಕರೆದೊಯ್ದೆವು.

ಛತ್ರದ ಒಳಗೆ ಬೆಚ್ಚಗಿತ್ತು. ನಂದಿನಿ ಮಣೆಯ ಮೇಲೆ ಕೂತಳು. ಮೊದಲು ಕುತ್ತಿಗೆಯ ಹತ್ತಿರದ ಸಾಲು ಸಡಿಲವಾಯಿತು, ಆಮೇಲೆ ಅದರ ಕೆಳಗಿನದು. ತಾಂಬರಂ ಮೆಟ್ಟಿಲ ಮೇಲೆ ದೀಪ ಹತ್ತುವ ಹೊತ್ತು ಅದು, ಮೊಗ್ಗುಗಳು ಅಲ್ಲಿಯ ಹೊತ್ತಿಗೇ ಅರಳುತ್ತಿದ್ದವು. ಮಂತ್ರ ಹೇಳುತ್ತಿದ್ದ ಪುರೋಹಿತರು ಒಂದು ಕ್ಷಣ ತಲೆ ಎತ್ತಿ ಉಸಿರೆಳೆದುಕೊಂಡರು. ಡೋರೀನ್ ಕಡೆಯ ನೆಂಟರು ಎಲ್ಲೋ ಸೆಂಟಿನ ಬಾಟಲಿ ಚೆಲ್ಲಿದೆ ಎಂದು ಸುತ್ತ ನೋಡಿದರು. ತಾಳಿ ಕಟ್ಟುವಷ್ಟರಲ್ಲಿ ಇಡೀ ಜಡೆ ಬಾಯಿ ಬಿಟ್ಟಿತ್ತು. ಪದ್ಮಾ ಮೇಡಂ ನನ್ನ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಗಟ್ಟಿ ಹೆಂಗಸು. ಚಳಿಗೆ ನನಗೂ ಸ್ವಲ್ಪ ಶೀತವಾಗಿತ್ತು.

ಹೋಗುವವರಿಗೆ

ದೂರ ನೋಡಿ ಲೆಕ್ಕ ಹಾಕಬೇಡಿ, ಹೊತ್ತು ನೋಡಿ ಹಾಕಿ. ಹೊತ್ತನ್ನೂ ಟಿಕೆಟ್ಟಿನ ಗಡಿಯಾರದಲ್ಲಿ ಅಲ್ಲ, ನಿಮ್ಮ ಮನೆಯ ಗಡಿಯಾರದಲ್ಲಿ ಮೊದಲಿನಿಂದ ಕೊನೆಯವರೆಗೆ ಎಣಿಸಿ. ಕೈಗಡಿಯಾರವನ್ನು ಬದಲಾಯಿಸಲೇ ಬೇಡಿ, ಅಲ್ಲಿಯ ಹೊತ್ತು ಗೋಡೆಯ ಮೇಲೆ ಹೇಗೂ ಇರುತ್ತದೆ. ಐಸು ಇಲ್ಲಿಂದ ಹೊರಬೇಡಿ, ತಪಾಸಣೆ ದಾಟಿದ ಮೇಲೆ ಕೇಳಿ. ಮಾರುವುದಿಲ್ಲ ಎಂದರೆ ಯಾವುದರ ಜೊತೆ ಕೊಡುತ್ತಾರೆ ಎಂದು ಕೇಳಿ. ಹೂವಿದ್ದರೆ ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ. ಚೌರಿಯಿದ್ದರೆ ಸುರುಳಿ ಸುತ್ತಬೇಡಿ, ಉದ್ದಕ್ಕೆ ಇಡಿ.

ಇನ್ನೊಂದು, ಜಡೆ ಕಟ್ಟುವವರಿಗೆ ಮಾತ್ರ. ಕೆಲಸ ಮುಗಿದ ಮೇಲೆ ನಿಮ್ಮನ್ನು ಮುಂದಿನ ಸಾಲಿಗೆ ಕರೆಯುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ಹೋಗಬೇಡಿ. ಮುಂದೆ ಕೂತರೆ ಹುಡುಗಿಯ ಮುಖ ಕಾಣುತ್ತದೆ, ಅದನ್ನು ಮಾಡಿದ್ದು ಅವಳ ಅಪ್ಪ ಅಮ್ಮ. ಹಿಂದೆ ಹೋಗಿ ಬಾಗಿಲ ಹತ್ತಿರ ನಿಂತುಕೊಳ್ಳಿ. ನೀವು ಮಾಡಿದ್ದು ಅಲ್ಲಿಂದ ಕಾಣುತ್ತದೆ.